ಸೊನ್ನೆಯ ಕೆಳಗೂ ಒಂದು ಸೀಟು

ವೈದ್ಯಕೀಯ ಸ್ನಾತಕೋತ್ತರ ಪದವಿಗೆ ನಡೆಯುವ ನೀಟ್ ಪಿಜಿ ಬಹಳ ಕಠಿಣವೆಂದು ದೂರುವವರು 2023ರ ಸೆಪ್ಟೆಂಬರಿನ ಆದೇಶಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿಕೊಳ್ಳಬೇಕು. ಆರೋಗ್ಯ ಸಚಿವಾಲಯದ ಒಪ್ಪಿಗೆಯೊಂದಿಗೆ ಅರ್ಹತೆಯ ಗೆರೆ ಸೊನ್ನೆ ಪರ್ಸೆಂಟೈಲಿಗೆ, ಅಂದರೆ ಪರೀಕ್ಷೆ ಬರೆದವರಲ್ಲಿ ತೀರ ಕೊನೆಯವರ ಮಟ್ಟಕ್ಕೆ, ಇಳಿದದ್ದರಿಂದ, 800ಕ್ಕೆ ಮೈನಸ್ 40 ಅಂಕ ಗಳಿಸಿದವರೂ ಸೀಟು ಹಂಚುವ ಕೌನ್ಸೆಲಿಂಗಿಗೆ ಅರ್ಹರಾದರು.

ಮೈನಸ್ 40 ಗಳಿಸುವುದು ಸುಲಭವೆಂದು ಯಾರೂ ಹಗುರವಾಗಿ ಮಾತನಾಡಬಾರದು. ಒಟ್ಟು 200 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಮುಟ್ಟದೆ ಬಿಟ್ಟದ್ದಕ್ಕೆ ಏನೂ ಇಲ್ಲ. ಮೂರೂವರೆ ಗಂಟೆ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತು ಎದ್ದು ಬಂದವರಿಗೂ ಸೊನ್ನೆ ಖಚಿತ. ಕಣ್ಣು ಮುಚ್ಚಿಕೊಂಡು ನಾಲ್ಕರಲ್ಲಿ ಯಾವುದೋ ಒಂದು ಆಯ್ಕೆಯನ್ನು ಒತ್ತುತ್ತ ಹೋದರೆ, ಸರಾಸರಿ ಲೆಕ್ಕದಲ್ಲಿ 50 ಸರಿ, 150 ತಪ್ಪಾಗಿ, 50 ಅಂಕ ತಾನಾಗಿಯೇ ಕೂಡಿಬರುತ್ತದೆ. ಆದ್ದರಿಂದ ಮೈನಸ್ 40ಕ್ಕೆ ಇಳಿಯಲು ಬರೀ ಅಜ್ಞಾನ ಸಾಲದು. ಪ್ರಶ್ನೆಯನ್ನು ಓದಿ, ಯೋಚಿಸಿ, ತಪ್ಪನ್ನೇ ಹೆಕ್ಕಿ ತೆಗೆಯುವ ಶ್ರದ್ಧೆ ಬೇಕು.

ಇವರೆಲ್ಲ ಎಂಬಿಬಿಎಸ್ ಪಾಸಾದವರೇ ಅಲ್ಲವೆ ಎಂಬ ಸಮಜಾಯಿಷಿಯೇನೋ ನಿಜ. ಅಷ್ಟೇ ಸಾಕೆಂದಾದರೆ ಪರೀಕ್ಷೆಯ ಶುಲ್ಕ ವಸೂಲು ಮಾಡಿದ್ದೇಕೆಂದು ಕೇಳುವುದು ಮಾತ್ರ ಅಧಿಕಪ್ರಸಂಗವಾಗುತ್ತದೆ. ಹಿಂದಿನ ವರ್ಷ, ಅಂದರೆ 2022ರಲ್ಲಿ, ಖಾಲಿ ಬಿದ್ದಿದ್ದ 1456 ಸೀಟುಗಳಿಗೆ ಇನ್ನೊಂದು ಸುತ್ತಿನ ಕೌನ್ಸೆಲಿಂಗ್ ನಡೆಸಿರೆಂದು ವೈದ್ಯರು ಬೇಡಿಕೊಂಡಾಗ ಕೇಂದ್ರ ಸರ್ಕಾರ ಅದನ್ನು ವಿರೋಧಿಸಿತ್ತು. ಶಿಕ್ಷಣದ ಗುಣಮಟ್ಟದಲ್ಲಿ ರಾಜಿ ಸಲ್ಲದೆಂದು ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾ ಮಾಡಿತ್ತು. ಮರುವರ್ಷ ಅದೇ ಗುಣಮಟ್ಟ ಸೊನ್ನೆಗೆ ಬಂದು ನಿಂತಿತು. ಅನಾಟಮಿ, ಬಯೋಕೆಮಿಸ್ಟ್ರಿಗಳಂಥ ವಿಭಾಗಗಳಿಗೆ ಜನ ಸೇರುವುದಿಲ್ಲ, ಖಾಸಗಿ ಕಾಲೇಜಿನ ದುಬಾರಿ ಸೀಟುಗಳಿಗೆ ಗಿರಾಕಿ ಸಿಗುವುದಿಲ್ಲ ಎಂಬ ಕಾಯಿಲೆಗೆ ಅರ್ಹತೆಯನ್ನು ಇಳಿಸುವುದೇ ಮದ್ದೆಂದು ಬಗೆದವರಿಗೆ, ಶುಲ್ಕವನ್ನು ಇಳಿಸಿದರೂ ಸೀಟು ತುಂಬಬಹುದೆಂಬುದು ಏಕೋ ಹೊಳೆಯಲಿಲ್ಲ.

ಇತ್ತ ಎಂಬಿಬಿಎಸ್ ಬಾಗಿಲಲ್ಲಿ ಬೇರೆಯೇ ಗಣಿತ ನಡೆದಿದೆ. 2024ರ ನೀಟ್ ಯುಜಿಯಲ್ಲಿ 67 ಮಂದಿಗೆ 720ಕ್ಕೆ 720 ಬಂತು; ಒಂದು ತಪ್ಪಿದರೆ 715, ಒಂದು ಬಿಟ್ಟರೆ 716 ಆಗಬೇಕಾದಲ್ಲಿ ಕೆಲವರಿಗೆ 718, 719 ಬಂತು. ಸಮಯ ನಷ್ಟಕ್ಕೆ ಕೊಟ್ಟ ಕೃಪಾಂಕವೆಂದು ವಿವರಣೆ ಬಂದು, ಬಳಿಕ ಆ ಕೃಪೆ ರದ್ದಾಗಿ, ಮೊದಲು ಎರಡು ಉತ್ತರಗಳನ್ನು ಒಪ್ಪಿದ್ದ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಒಂದೇ ಸರಿಯುತ್ತರವೆಂದು ನ್ಯಾಯಾಲಯದಲ್ಲಿ ತೀರ್ಮಾನವಾಗಿ, ಕೊನೆಗೆ ಪ್ರಥಮ ಸ್ಥಾನದಲ್ಲಿ ಉಳಿದವರು 17 ಮಂದಿ.

ಫಲಿತಾಂಶದ ಮರುದಿನ ಪತ್ರಿಕೆಗಳ ಮುಖಪುಟವನ್ನಿಡೀ ಕೊಂಡು ರ‍್ಯಾಂಕ್ ಬಂದ ಮಕ್ಕಳ ಭಾವಚಿತ್ರ ಹಾಕಿಸುವ ಕೋಚಿಂಗ್ ಸಂಸ್ಥೆಗಳು ಇನ್ನು ಮುಂದೆ ಮೈನಸ್ 40ರವರ ಚಿತ್ರವನ್ನೂ ಅದೇ ಅಳತೆಯಲ್ಲಿ ಹಾಕಿಸಲಿ. ಸೀಟು ಗ್ಯಾರಂಟಿ ಎಂಬ ಮಾತು ಅಲ್ಲಿಗೆ ಹೆಚ್ಚು ಒಪ್ಪುತ್ತದೆ.