ಓಲ್ಡ್ ಟ್ರಾಫರ್ಡ್‌ಗೆ ಹೋಗಿ 35 ನಿಮಿಷದಲ್ಲಿ ಹೊರಗೆ ಬಂದೆವು

ಊರಿಗೆ ವಾಪಸ್ ಬಂದು ಮೂರು ವಾರ ಆಯಿತು. ಕೋಪ ಇನ್ನೂ ಇಳಿದಿಲ್ಲ. ರಾತ್ರಿ ಮಲಗಿದರೆ ಅದೇ ನೆನಪಾಗುತ್ತದೆ. ಹೇಳಿಕೊಳ್ಳದೆ ಇದ್ದರೆ ಇದು ಒಳಗೇ ಕುದಿಯುತ್ತಾ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮತ್ತು ಅಣ್ಣ ಗ್ರೂಪ್ ಟೂರ್‌ನಲ್ಲಿ ಇಂಗ್ಲೆಂಡಿಗೆ ಹೋಗಿದ್ದೆವು. ಟೂರ್ ಕಂಪನಿಯ ಹೆಸರು ಬರೆಯುವುದಿಲ್ಲ. ನಾವು ಆ ಟೂರನ್ನೇ ಆರಿಸಿಕೊಂಡಿದ್ದು ಅವರ ಕಾಗದದಲ್ಲಿದ್ದ ಒಂದು ಸಾಲನ್ನು ನೋಡಿ. ಏಳನೇ ದಿನ, ಮ್ಯಾಂಚೆಸ್ಟರ್, ಓಲ್ಡ್ ಟ್ರಾಫರ್ಡ್ ಸ್ಟೇಡಿಯಂ ಟೂರ್ ಮತ್ತು ಮ್ಯೂಸಿಯಂ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಮೈದಾನ ಅದು. ಉಳಿದ ದಿನಗಳಲ್ಲಿ ಅರಮನೆ ಇತ್ತು, ದೋಣಿ ಇತ್ತು, ಸೇತುವೆ ಇತ್ತು. ಅದ್ಯಾವುದೂ ನಮಗೆ ಮುಖ್ಯ ಆಗಿರಲಿಲ್ಲ. ಅಣ್ಣ ಆ ಸಾಲಿನ ಕೆಳಗೆ ಪೆನ್ನಲ್ಲಿ ಎರಡು ಗೆರೆ ಎಳೆದಿದ್ದ.

ಅಣ್ಣನಿಗೆ ಈಗ 58 ವರ್ಷ. ಮಂಡಿ ನೋವು. ಮೆಟ್ಟಿಲು ಹತ್ತಲು ಕಷ್ಟ. ಮ್ಯಾಂಚೆಸ್ಟರ್ ಯುನೈಟೆಡ್ ಅಂದರೆ ಮಾತ್ರ ಮುಖ ಅರಳುತ್ತದೆ. 1999ರ ಮೇ 26ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಫೈನಲ್ ಅವನು ನೋಡಿದ್ದು ಮನೆಯವರೆಲ್ಲ ಮಲಗಿದ ಮೇಲೆ, ಟಿವಿ ಸದ್ದು ತಗ್ಗಿಸಿಕೊಂಡು. ಬಾರ್ಸಿಲೋನಾದಲ್ಲಿ, ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದ ಎದುರು. ಆರನೇ ನಿಮಿಷಕ್ಕೇ ಒಂದು ಗೋಲು ಬಿಟ್ಟುಕೊಟ್ಟು 90 ನಿಮಿಷವಾದರೂ 0-1. ಇನ್ನು ಮುಗಿಯಿತು ಅಂತ ಎದ್ದು ಟಿವಿ ಆಫ್ ಮಾಡಲು ಹೋದನಂತೆ. ಅಷ್ಟರಲ್ಲಿ ಕಾರ್ನರ್ ಸಿಕ್ಕಿತು. ಶೆರಿಂಗ್‌ಹ್ಯಾಮ್ ಒಂದು ಗೋಲು, ಸೋಲ್ಶಾರ್ ಇನ್ನೊಂದು. ಒಂದೇ ವರ್ಷ ಲೀಗ್, ಎಫ್ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಗೆದ್ದ ಮೊದಲ ಇಂಗ್ಲಿಷ್ ತಂಡ. ಅವನು ಕೂಗಿದ ಕೂಗಿಗೆ ಇಡೀ ಮನೆ ಎದ್ದು ಕೂತಿತು. ನಾನೂ ಎದ್ದಿದ್ದೆ, ಅದಕ್ಕೇ ನೆನಪಿದೆ. ಅವತ್ತಿನಿಂದ ಒಂದೇ ಮಾತು. ಒಂದು ಸಲ ಆ ಮೈದಾನ ಕಣ್ಣಾರೆ ನೋಡಬೇಕು.

ಸ್ಟೇಡಿಯಂ ಟೂರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟಿಕೆಟ್‌ಗೆ ನಿಗದಿ ಸಮಯ ಇರುತ್ತದೆ. ಆ ಹೊತ್ತಿಗೆ ಅಲ್ಲಿನ ಗೈಡ್ ಒಂದು ಗುಂಪನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಸ್ಟ್ಯಾಂಡ್‌ನಲ್ಲಿ ಕೂರಿಸಿ ಕತೆ ಹೇಳುತ್ತಾರೆ. ಡ್ರೆಸ್ಸಿಂಗ್ ರೂಮ್ ತೋರಿಸುತ್ತಾರೆ. ಆಟಗಾರರು ಬರುವ ಟನಲ್‌ನಲ್ಲೇ ನಡೆಸಿಕೊಂಡು ಹೋಗಿ ಮೈದಾನದ ಅಂಚಿಗೆ ನಿಲ್ಲಿಸುತ್ತಾರೆ. ಇದಕ್ಕೇ ಒಂದು ಗಂಟೆಗೆ ಮೇಲೆ ಬೇಕು. ಮ್ಯೂಸಿಯಂ ನೋಡಲು ಬೇರೆ ಸಮಯ ಬೇಕು. ಹೊತ್ತು ತಪ್ಪಿದರೆ ಗುಂಪು ಹೊರಟುಬಿಡುತ್ತದೆ, ಯಾರಿಗೂ ಕಾಯುವುದಿಲ್ಲ. ಅದು ನ್ಯಾಯವೇ. ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದಲ್ಲ.

ನಮ್ಮ ಹೊತ್ತು ಮಧ್ಯಾಹ್ನ 2 ಗಂಟೆ.

ಅವತ್ತು ಬೆಳಿಗ್ಗೆ ವಿಂಡರ್‌ಮಿಯರ್ ಸರೋವರದಲ್ಲಿ ದೋಣಿ ವಿಹಾರ ಇತ್ತು. ಅದು ಸಮಯಕ್ಕೆ ಸರಿಯಾಗಿ ಮುಗಿಯಿತು. ಹತ್ತೂವರೆಗೆಲ್ಲ ಬಸ್ಸಲ್ಲಿದ್ದೆವು. ಊಟಕ್ಕೆ ನಿಲ್ಲಿಸಿಕೊಂಡರೂ ಆರಾಮವಾಗಿ ಮುಟ್ಟಬಹುದಿತ್ತು. ಆದರೆ ಟೂರ್ ಮ್ಯಾನೇಜರ್ ಊಟ ಆದ ಮೇಲೆ ಬಸ್ಸನ್ನು ಒಂದು ಶಾಪಿಂಗ್ ಔಟ್‌ಲೆಟ್ ಕಡೆಗೆ ತಿರುಗಿಸಿದರು. ಅದು ಕಾಗದದಲ್ಲಿ ಇರಲೇ ಇಲ್ಲ. "ಸುಮ್ನೆ ಹದಿನೈದು ನಿಮಿಷ" ಅಂದರು. ನಾನು ಆಗಲೇ ಎದ್ದು ಹೋಗಿ 2 ಗಂಟೆಯ ಟಿಕೆಟ್ ನೆನಪಿಸಿದೆ. "ಅದೆಲ್ಲ ನಾನು ನೋಡ್ಕೋತೀನಿ ಸರ್, ನೀವು ಟೆನ್ಷನ್ ಮಾಡ್ಕೋಬೇಡಿ" ಅಂದರು.

ಹದಿನೈದು ನಿಮಿಷ ಒಂದು ಗಂಟೆ ಹತ್ತು ನಿಮಿಷ ಆಯಿತು. ಚೀಲ, ಶೂ, ಕೋಟು ಹಿಡಿದುಕೊಂಡು ಒಬ್ಬೊಬ್ಬರಾಗಿ ಬಂದರು. ಅವರ ಮೇಲೆ ನನಗೆ ಬೇಜಾರಿಲ್ಲ. ಅವರಿಗೆ ಫುಟ್‌ಬಾಲ್ ಬೇಕಿರಲಿಲ್ಲ, ಸಮಯ ಎಷ್ಟಾಗಿದೆ ಅಂತ ಯಾರೂ ಹೇಳಿಯೂ ಇರಲಿಲ್ಲ. ಅಣ್ಣ ಮಾತ್ರ ಬಸ್ಸಿಂದ ಇಳಿಯಲೇ ಇಲ್ಲ. ಕಿಟಕಿ ಪಕ್ಕ ಕೂತು ನಿಮಿಷಕ್ಕೊಮ್ಮೆ ವಾಚ್ ನೋಡುತ್ತಿದ್ದ. ಒಂದೂವರೆ ಆಯಿತು. ಎರಡು ಆಯಿತು. ಎರಡಾದ ಮೇಲೆ ವಾಚ್ ನೋಡುವುದನ್ನು ಬಿಟ್ಟು ಶರ್ಟಿನ ತೋಳು ಕೆಳಗೆ ಎಳೆದುಕೊಂಡ. ಅದನ್ನು ನೋಡಿ ನನ್ನ ಹೊಟ್ಟೆ ಕಿವುಚಿತು.

ನಾವು ಓಲ್ಡ್ ಟ್ರಾಫರ್ಡ್ ಮುಟ್ಟಿದಾಗ 3 ಗಂಟೆ 20 ನಿಮಿಷ.

ದಾರಿಯಲ್ಲಿ ಮೈಕ್ ಹಿಡಿದು ಟೂರ್ ಮ್ಯಾನೇಜರ್ ಹೇಳಿದ್ದು ಇಷ್ಟು: "ಇದು ಬೆಕ್‌ಹ್ಯಾಮ್ ಆಡಿದ ಗ್ರೌಂಡ್. ತುಂಬಾ ಫೇಮಸ್." ಮುಗಿಯಿತು. ನೂರಕ್ಕೂ ಜಾಸ್ತಿ ವರ್ಷದ ಮೈದಾನದ ಬಗ್ಗೆ ಎರಡು ಸಾಲು! 1910ರ ಫೆಬ್ರವರಿ 19ರಂದು ಇಲ್ಲಿ ಮೊದಲ ಪಂದ್ಯ ನಡೆಯಿತು, ಲಿವರ್‌ಪೂಲ್ ಎದುರು 4-3ಕ್ಕೆ ಸೋತರು. 1941ರಲ್ಲಿ ಜರ್ಮನ್ ಬಾಂಬು ಬಿದ್ದು ಸ್ಟ್ಯಾಂಡ್ ಹಾಳಾಯಿತು. 1949ರವರೆಗೆ ಊರಿನ ಎದುರಾಳಿ ತಂಡವಾದ ಸಿಟಿಯ ಮೈದಾನದಲ್ಲಿ ಆಡಬೇಕಾಯಿತು. ಹಳೆಯ ಸ್ಟೇಡಿಯಂನಲ್ಲಿ ಉಳಿದಿರುವುದು ದಕ್ಷಿಣದ ಸ್ಟ್ಯಾಂಡ್ ನಡುವಿನ, ಮೊದಲು ಆಟಗಾರರು ಬರುತ್ತಿದ್ದ ಹಳೇ ಟನಲ್ ಒಂದೇ. ಇದನ್ನೆಲ್ಲ ಅಣ್ಣ ಪಕ್ಕದ ಸೀಟಿನ ಹುಡುಗನಿಗೆ ಹೇಳುತ್ತಿದ್ದ. ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹೇಳುವವರು ಇದ್ದರೆ ಕೇಳುವವರು ಇದ್ದೇ ಇರುತ್ತಾರೆ. ಜನರನ್ನು ಕರೆದುಕೊಂಡು ಬರುವವರು ತಾವು ತೋರಿಸುವ ಜಾಗದ ಬಗ್ಗೆ ಒಂದು ಗಂಟೆ ಕೂತು ಓದಬಾರದಾ?

ಟಿಕೆಟ್ ಕೌಂಟರ್‌ನಲ್ಲಿ ಇದ್ದ ಹೆಂಗಸು ನಮ್ಮ ಕಾಗದ ನೋಡಿ ಪಾಪ, ಕಂಪ್ಯೂಟರ್‌ನಲ್ಲಿ ಮತ್ತೆ ಮತ್ತೆ ಹುಡುಕಿದರು. ಉಳಿದ ಟೂರ್‌ಗಳೆಲ್ಲ ಭರ್ತಿ. ನಮ್ಮ ಗುಂಪಿನಲ್ಲಿ 31 ಜನ, ಅಷ್ಟು ಜನಕ್ಕೆ ಜಾಗ ಎಲ್ಲಿಂದ ತರಬೇಕು? ಮ್ಯೂಸಿಯಂ ಮಾತ್ರ ನೋಡಿಕೊಳ್ಳಿ ಅಂತ ಒಳಗೆ ಬಿಟ್ಟರು. ಕೊನೆಗೆ ಅಣ್ಣನ ಮುಖ ನೋಡಿ, ನಿಮ್ಮಿಬ್ಬರಿಗೆ ಬೇಕಾದರೆ ಕೊನೆಯ ಟೂರ್‌ನಲ್ಲಿ ಹೇಗಾದರೂ ಮಾಡಿ ಸೇರಿಸುತ್ತೇನೆ ಅಂದರು. ಅದು ಅವರ ದೊಡ್ಡ ಮನಸ್ಸು. ನಮ್ಮ ಟೂರ್ ಮ್ಯಾನೇಜರ್ ಮಧ್ಯೆ ಬಾಯಿ ಹಾಕಿ ಬೇಡ ಅಂದುಬಿಟ್ಟರು. ಬಸ್ಸು 4 ಗಂಟೆ 10 ನಿಮಿಷಕ್ಕೆ ಹೊರಡಲೇಬೇಕಂತೆ, ಡ್ರೈವರ್ ಡ್ಯೂಟಿ ಮುಗಿಯುತ್ತದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಡ್ರೈವರ್ ನಿಯಮ ನನಗೂ ಗೊತ್ತು. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕೊಡಲೇಬೇಕು. ಒಳ್ಳೆಯ ನಿಯಮ, ಎಲ್ಲರ ಜೀವ ಉಳಿಸುವ ನಿಯಮ. ಆದರೆ ಆ ನಿಯಮ ಔಟ್‌ಲೆಟ್ ಮುಂದೆ ಯಾಕೆ ನೆನಪಾಗಲಿಲ್ಲ? ಅಲ್ಲಿ ಒಂದು ಗಂಟೆ ಹತ್ತು ನಿಮಿಷ ಹೋಯಿತಲ್ಲ, ಅದು ನಮ್ಮ ಗಂಟೆ ಅಲ್ವಾ?

ಮ್ಯೂಸಿಯಂಗೆ ಸಿಕ್ಕಿದ್ದು 35 ನಿಮಿಷ.

ಅದು ಈಗ ಸರ್ ಅಲೆಕ್ಸ್ ಫರ್ಗುಸನ್ ಸ್ಟ್ಯಾಂಡ್ ಅಂತ ಕರೆಯುವ ಉತ್ತರದ ಸ್ಟ್ಯಾಂಡ್‌ನಲ್ಲಿದೆ. 1998ರಲ್ಲಿ ಪೆಲೆ ಬಂದು ಉದ್ಘಾಟನೆ ಮಾಡಿದ ಮ್ಯೂಸಿಯಂ. ಹಳೇ ಜೆರ್ಸಿ, ಬೂಟು, ಪಂದ್ಯದ ಪುಸ್ತಕ, ಟ್ರೋಫಿಗಳ ಸಾಲು. ಒಂದೊಂದು ಗಾಜಿನ ಮುಂದೆಯೂ ನಿಲ್ಲಬೇಕು, ಓದಬೇಕು, ಮುಂದೆ ಹೋಗಿ ಮತ್ತೆ ಹಿಂದೆ ಬರಬೇಕು. ನಮ್ಮನ್ನು ಕುರಿಮಂದೆ ಹಾಗೆ ಅಟ್ಟಿಕೊಂಡು ಹೋದರು. "ಟ್ರೋಫಿ ಮುಂದೆ ಎಲ್ಲರೂ ಒಂದೊಂದು ಫೋಟೋ ತಗೊಳ್ಳಿ, ಬೇಗ ಬೇಗ." ಅಣ್ಣ 1999ರ ಟ್ರೋಫಿಗಳ ಹತ್ತಿರ ಹೋಗಿ ನಿಂತ. ಫೋಟೋ ತೆಗೆಸಿಕೊಳ್ಳಲಿಲ್ಲ. ಗಾಜಿಗೆ ಮುಖ ಹತ್ತಿರ ಇಟ್ಟುಕೊಂಡ, ಅವನ ಉಸಿರಿಗೆ ಗಾಜು ಮಂಜಾಯಿತು. ಕರ್ಚೀಫ್ ತೆಗೆದು ತಾನೇ ಒರೆಸಿದ. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಹಿಂದಿನಿಂದ ಬಂದು ಭುಜ ತಟ್ಟಿದರು. "ಸರ್, ನೀವು ಜಾಸ್ತಿ ಹೊತ್ತು ನಿಂತಿದ್ದೀರಿ, ಬೇರೆಯವರೂ ಫೋಟೋ ತಗೋಬೇಕು."

ಅಷ್ಟು ವರ್ಷ ಕಾದ ಮನುಷ್ಯನಿಗೆ ಜಾಸ್ತಿ ಹೊತ್ತು ನಿಂತಿದ್ದೀರಿ ಅಂದರು! ನನಗೆ ಮೈಯೆಲ್ಲ ಉರಿಯಿತು. ಜಗಳ ಮಾಡಿದರೆ ಇರುವ ನಿಮಿಷವೂ ಹೋಗುತ್ತದೆ ಅಂತ ತಡೆದುಕೊಂಡೆ. ತಡೆದುಕೊಳ್ಳಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ಹೊರಗೆ ಬಂದ ಮೇಲೆ ಹನ್ನೆರಡು ನಿಮಿಷ ಗ್ರೂಪ್ ಫೋಟೋಗೆ ಹೋಯಿತು. ಬೆಸ್ಟ್, ಲಾ, ಚಾರ್ಲ್‌ಟನ್ ಮೂವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿರುವ ಪ್ರತಿಮೆಯ ಮುಂದೆ. ಎದುರಿಗೆ ಅವರ ತಂಡದ ಮ್ಯಾನೇಜರ್ ಆಗಿದ್ದ ಮ್ಯಾಟ್ ಬಸ್ಬಿ ಪ್ರತಿಮೆ. ಇವರು ಯಾರು ಅಂತ ನಮ್ಮ ಗುಂಪಿನ ಒಬ್ಬರು ಕೇಳಿದರು. "ಹಳೇ ಪ್ಲೇಯರ್ಸ್" ಅಂತ ಉತ್ತರ ಬಂತು.

ಅಣ್ಣ ಮೆಲ್ಲಗೆ ಗುಂಪು ಬಿಟ್ಟು ಮೂಲೆಯ ಕಡೆ ನಡೆದ. ನಾನೂ ಹೋದೆ. ಅಲ್ಲಿ ಗೋಡೆಯ ಮೇಲೆ ಮ್ಯೂನಿಕ್ ಗಡಿಯಾರ ಇದೆ. 1958ರ ಫೆಬ್ರವರಿ 6 ಅಂತ ಅದರ ಮೇಲೇ ಬರೆದಿದೆ. ಬೆಲ್‌ಗ್ರೇಡ್‌ನಲ್ಲಿ ರೆಡ್ ಸ್ಟಾರ್ ಜೊತೆ 3-3 ಡ್ರಾ ಮಾಡಿಕೊಂಡು ತಂಡ ವಾಪಸ್ ಬರುತ್ತಿತ್ತು. ಮ್ಯೂನಿಕ್‌ನಲ್ಲಿ ವಿಮಾನ ಇಂಧನ ತುಂಬಿಸಿಕೊಂಡಿತು. ರನ್‌ವೇ ಮೇಲೆ ಕರಗಿದ ಹಿಮ. ಎರಡು ಸಲ ಹಾರಲು ನೋಡಿ ನಿಲ್ಲಿಸಿದರು. ಮೂರನೇ ಸಲ ಏಳಲೇ ಇಲ್ಲ. 23 ಜನ ಸತ್ತರು. ಅದರಲ್ಲಿ 8 ಜನ ಆಟಗಾರರು, ಎಲ್ಲ ಎಳೇ ವಯಸ್ಸು. ಡಂಕನ್ ಎಡ್ವರ್ಡ್ಸ್ 15 ದಿನ ಆಸ್ಪತ್ರೆಯಲ್ಲಿ ಒದ್ದಾಡಿ ಹೋದ. ಅವನಿಗೆ 21 ವರ್ಷ. ಸಾವಿನ ಬಾಯಿಂದ ಎದ್ದು ಬಂದ ಬಸ್ಬಿ ಮತ್ತೆ ತಂಡ ಕಟ್ಟಿದರು. ಹತ್ತು ವರ್ಷ ಆದ ಮೇಲೆ, 1968ರಲ್ಲಿ, ವೆಂಬ್ಲಿಯಲ್ಲಿ ಬೆನ್ಫಿಕಾವನ್ನು 4-1ಕ್ಕೆ ಸೋಲಿಸಿ ಯುರೋಪಿಯನ್ ಕಪ್ ಎತ್ತಿದರು. ಆ ವಿಮಾನದಿಂದ ಬದುಕಿ ಬಂದ ಬಾಬಿ ಚಾರ್ಲ್‌ಟನ್ ಅವತ್ತು ಎರಡು ಗೋಲು ಹೊಡೆದರು. ಈ ಕತೆ ಅಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕ ಇಲ್ಲ. ಪ್ರತಿ ಸಲವೂ ಡಂಕನ್ ಎಡ್ವರ್ಡ್ಸ್ ಹೆಸರು ಬಂದಾಗ ಅವನ ದನಿ ಸಣ್ಣದಾಗುತ್ತದೆ.

ಗೋಡೆಯ ಮೇಲಿನ ಸ್ಮಾರಕ ಫಲಕ ಫುಟ್‌ಬಾಲ್ ಮೈದಾನದ ಆಕಾರದಲ್ಲೇ ಇದೆ. ಸತ್ತವರ ಹೆಸರು ಅದರ ಮೇಲಿದೆ. ಅಣ್ಣನಿಗೆ ಎಂಟೂ ಹೆಸರು ಬಾಯಿಪಾಠ. ಬೈರ್ನ್, ಬೆಂಟ್, ಕೋಲ್ಮನ್, ಎಡ್ವರ್ಡ್ಸ್, ಜೋನ್ಸ್, ಪೆಗ್, ಟೇಲರ್, ವೀಲನ್. ಕತ್ತೆತ್ತಿ, ಕನ್ನಡಕ ಸರಿ ಮಾಡಿಕೊಂಡು, ಬೆರಳು ತೋರಿಸುತ್ತಾ ಒಂದೊಂದೇ ಹೆಸರು ಹುಡುಕಿ ಮೆಲ್ಲಗೆ ಓದುತ್ತಿದ್ದ. ಐದು ಸಿಕ್ಕಿತ್ತು. ಆರನೆಯದಕ್ಕೆ ಬೆರಳು ಮೇಲೆ ಹೋಗಿತ್ತು. ಹಿಂದಿನಿಂದ ಟೂರ್ ಮ್ಯಾನೇಜರ್ ಸೀಟಿ ಊದಿದರು.

ಸೀಟಿ. ಸತ್ತವರ ಹೆಸರು ಇರುವ ಗೋಡೆಯ ಹತ್ತಿರ ನಿಂತು ಸೀಟಿ ಊದಿ, ಬಣ್ಣದ ಛತ್ರಿ ಮೇಲೆತ್ತಿ ಅಲ್ಲಾಡಿಸಿದರು. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ವಯಸ್ಸಾದ ಗಂಡ ಹೆಂಡತಿ ಬೆಚ್ಚಿ ತಿರುಗಿ ನೋಡಿದರು. ನಾನು ಆ ನೋಟ ಮರೆಯುವುದಿಲ್ಲ. ಕೈ ಮುಗಿದು ಸಾರಿ ಅಂದೆ. ತಪ್ಪು ನನ್ನದಲ್ಲ, ಆದರೂ ನಾಚಿಕೆ ನನ್ನ ಪಾಲಿಗೆ ಬಂತು. ದಕ್ಷಿಣದ ಸ್ಟ್ಯಾಂಡ್ ಕೆಳಗೆ ಮ್ಯೂನಿಕ್ ಸುರಂಗ ಅಂತ ಇದೆ, ಅವರ ನೆನಪಿಗೆ ಅಲ್ಲಿ ದೀಪ ಉರಿಯುತ್ತಿರುತ್ತದೆ. ಅಲ್ಲಿಗೆ ಕೆಲವೇ ಹೆಜ್ಜೆ. ಹೋಗಲು ಆಗಲಿಲ್ಲ.

ಹುಲ್ಲು? ಹುಲ್ಲಿನ ಒಂದು ಎಸಳೂ ನೋಡಲಿಲ್ಲ. ಅಷ್ಟು ದೂರ ವಿಮಾನ ಹತ್ತಿ ಹೋಗಿ, ಆ ಕಟ್ಟಡದ ಒಳಗೇ ಇದ್ದು, ಮೈದಾನ ನೋಡದೆ ಬಂದೆವು.

ಬಸ್ಸಲ್ಲಿ ಅಣ್ಣ ಯಾರನ್ನೂ ಬಯ್ಯಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟ ಆಗಿದ್ದು. ಸ್ವಲ್ಪ ದೂರ ಹೋದ ಮೇಲೆ, "ಪೆಗ್, ಟೇಲರ್, ವೀಲನ್, ಮೂವರ ಹೆಸರು ಉಳಿದುಹೋಯಿತು ನೋಡು" ಅಂದ. ಆಮೇಲೆ ಕಿಟಕಿ ಕಡೆ ತಿರುಗಿ ಕೂತ.

ವಾಪಸ್ ಬಂದ ಮೇಲೆ ಕಂಪನಿಗೆ ಬರೆದೆ. ಮೊದಲ ಉತ್ತರ, "ಪ್ರವಾಸದ ವೇಳಾಪಟ್ಟಿ ಬದಲಾಗಬಹುದು ಎಂದು ಷರತ್ತಿನಲ್ಲಿ ತಿಳಿಸಲಾಗಿದೆ." ಎರಡನೇ ಉತ್ತರ, "ನೀವು ಓಲ್ಡ್ ಟ್ರಾಫರ್ಡ್‌ಗೆ ಭೇಟಿ ನೀಡಿದ್ದೀರಿ ಎಂದು ನಮ್ಮ ದಾಖಲೆಯಲ್ಲಿದೆ." ಭೇಟಿಯಂತೆ! ನಾವು ದುಡ್ಡು ಕೊಟ್ಟಿದ್ದು ಸ್ಟೇಡಿಯಂ ಟೂರ್‌ಗೆ. ಮಳೆ ಬಂದು, ರಸ್ತೆ ಕಟ್ಟಿ ತಡವಾಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಪಂದ್ಯದ ದಿನ ಟೂರ್ ಇರುವುದಿಲ್ಲ, ಹಾಗೇನಾದರೂ ಆಗಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಇಲ್ಲಿ ಬದಲಾಗಿದ್ದು ವೇಳಾಪಟ್ಟಿ ಅಲ್ಲ. ಕಾಗದದಲ್ಲಿ ಇಲ್ಲದ ಅಂಗಡಿಗೆ ಕರೆದುಕೊಂಡು ಹೋಗಿ, ಕಾಗದದಲ್ಲಿ ಇದ್ದ ಮೈದಾನವನ್ನು ಕಿತ್ತುಕೊಂಡರು.

ಗ್ರೂಪ್ ಟೂರ್‌ಗೆ ಹೊರಟವರು ಯಾರಾದರೂ ಇದ್ದರೆ ಒಂದು ಮಾತು. "ಭೇಟಿ" ಅಂದರೆ ಏನು, "ಫೋಟೋ ಸ್ಟಾಪ್" ಅಂದರೆ ಏನು, ಒಳಗೆ ಬಿಡುತ್ತಾರಾ, ಎಷ್ಟು ಗಂಟೆ, ಟಿಕೆಟ್ ಮ್ಯೂಸಿಯಂಗಷ್ಟೇನಾ ಅಥವಾ ಟೂರೂ ಸೇರಿದೆಯಾ, ಎಲ್ಲ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಆ ದಿನ ಗುಂಪಿನಿಂದ ಬೇರೆಯಾಗಿ ನೀವೇ ಹೋಗಿ ಬರಲು ಬಿಡುತ್ತಾರಾ ಅಂತಲೂ ಕೇಳಿ. ನಾವು ಕೇಳಲಿಲ್ಲ, ನಂಬಿದ್ದೆವು.

ಕಳೆದ ವಾರ ಮೂರನೇ ಉತ್ತರ ಬಂತು. ಮುಂದಿನ ಟೂರ್‌ಗೆ ರಿಯಾಯಿತಿ ಕೂಪನ್ ಕೊಡುತ್ತಾರಂತೆ. ಅಣ್ಣನ ಮಂಡಿ ಮುಂದಿನ ಟೂರ್‌ವರೆಗೆ ತಡೆಯುತ್ತದೆ ಅಂತ ಇವರಿಗೆ ಹೇಳಿದವರು ಯಾರು? ನಮಗೆ ಕೂಪನ್ ಬೇಡ. ಆ ಟಿಕೆಟ್ ದುಡ್ಡು ವಾಪಸ್ ಬೇಕು. ತಪ್ಪಾಯಿತು ಅನ್ನುವ ಒಂದು ಸಾಲು ಬೇಕು, ಅದೂ ನನ್ನ ಹೆಸರಿಗಲ್ಲ, ಅಣ್ಣನ ಹೆಸರಿಗೆ. ಇವತ್ತು ಬೆಳಿಗ್ಗೆ ನಾಲ್ಕನೇ ಸಲ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.