ಅಂಕ ಹಚ್ಚುವವರು

ಪಕ್ಕದ ಮನೆಯ ಹುಡುಗ ಸ್ಕೂಟರ್ ಕೊಳ್ಳಲು ಸಿದ್ಧಪಡಿಸಿದ ಅಂಕಪಟ್ಟಿಯನ್ನು ನನಗೆ ತೋರಿಸಿದ. ಬೆಲೆಗೆ 40, ಮೈಲೇಜಿಗೆ 35, ಬಣ್ಣಕ್ಕೆ 5 ಎಂದು ತೂಕ ಹಂಚಿ ಕೂಡಿಸಿದಾಗ ಅವನಿಗೆ ಬೇಡವಾದ ಗಾಡಿಯೇ ಮೊದಲು ಬಂದಿತ್ತು. ನನ್ನೆದುರಿಗೇ ಬಣ್ಣದ ತೂಕವನ್ನು 20ಕ್ಕೆ ಏರಿಸಿ, ಬೇಕಾದುದನ್ನು ಗೆಲ್ಲಿಸಿಕೊಂಡು, ಇದು ವೈಜ್ಞಾನಿಕ ಪದ್ಧತಿ ಎಂದ. ಮೊದಲೇ ಮನಸ್ಸು ಮಾಡಿದವರು ಗಣಿತವನ್ನು ಸಾಕ್ಷಿಗೆ ಎಳೆದು ತರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

1772ರಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಇಂಥದೇ ಆಯ್ಕೆಯ ಗೊಂದಲದಲ್ಲಿದ್ದ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಪತ್ರ ಬರೆದು, ಹಾಳೆಯ ನಡುವೆ ಗೆರೆ ಎಳೆದು, ಅನುಕೂಲ ಒಂದು ಬದಿಗೆ, ಪ್ರತಿಕೂಲ ಇನ್ನೊಂದು ಬದಿಗೆ ಬರೆದು, ಸರಿದೂಗುವವುಗಳನ್ನು ಹೊಡೆದುಹಾಕುತ್ತ ಹೋಗಲು ಸೂಚಿಸಿದ್ದರು. ಆದರೆ ಯಾವುದಕ್ಕೆ ಯಾವುದು ಸರಿದೂಗುತ್ತದೆ?

ಈ ಪ್ರಶ್ನೆಗೆ ನಮ್ಮ ಕಾಕಾನ ಎತ್ತಿನ ವ್ಯಾಪಾರವನ್ನು ನೋಡಬೇಕಿತ್ತು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳು ಸೇರಿದಾಗ ಕಾಕಾ ಒಂದೊಂದು ಕಿಲಾರಿ ತಳಿಯ ಎತ್ತಿನ ತುಟಿ ಎತ್ತಿ, ವಯಸ್ಸು ತಿಳಿಯಲು ಅದು ನಾಲ್ಕು ಹಲ್ಲಿನದೋ ಹಲ್ಲೆಲ್ಲ ಬಂದು ಬಾಯಿಗೂಡಿದ್ದೋ ಎಂದು ನೋಡಿ, ಗೊರಸು ತಟ್ಟಿ, ಬೆನ್ನ ಮೇಲೆ ಅಂಗೈ ಆಡಿಸಿ ಕೂದಲಿನ ಸುಳಿ ಹುಡುಕಿ, ಹತ್ತು ಹೆಜ್ಜೆ ನಡೆಸುತ್ತಿದ್ದರು. ಸುಳಿ ಕೆಟ್ಟದಾದರೆ ಉಳಿದ ಗುಣಗಳನ್ನೆಲ್ಲ ಕೂಡಿಸಿದರೂ ಆ ಎತ್ತು ಬೇಡ. ಸುಳಿ, ಹಲ್ಲು, ನಡಿಗೆ ಎಲ್ಲವೂ ಒಪ್ಪಿದರೂ ಅದು ಮನೆಯ ಎತ್ತಿಗೆ ಜೋಡಿಯಾಗಬೇಕು. ಹೊಸದು ಅತಿ ಚುರುಕಾಗಿ ಮುಂದೆ ಎಳೆದರೆ ನೊಗ ಓರೆಯಾಗುತ್ತದೆ, ಅಂದರೆ ಅದರ ಗುಣವೇ ದೋಷವಾಗುತ್ತದೆ.

ಒಮ್ಮೆ ಎರಡು ಎತ್ತುಗಳ ನಡುವೆ ಕಾಕಾ ತೂಗಾಡುತ್ತಿದ್ದಾಗ ದಲ್ಲಾಳಿಯು ಮುದಿ ಎತ್ತೊಂದನ್ನು ತಂದು ಮೊದಲನೆಯದರ ಪಕ್ಕಕ್ಕೇ ಕಟ್ಟಿದ. ಕೂಡಲೇ ಮೊದಲನೆಯದು ನನ್ನ ಕಣ್ಣಿಗೆ ರಾಜನಂತೆ ಕಾಣತೊಡಗಿತು. ಕಾಕಾ ನನ್ನ ಕಿವಿಯಲ್ಲಿ, "ಈ ಮುದಿ ಎತ್ತನ್ನ ಮಾರಾಕ ತಂದಿಲ್ಲೋ ತಮ್ಮಾ, ಅದನ್ನ ಮಾರಾಕ ತಂದಾನ" ಎಂದರು. 1970ರ ದಶಕದಲ್ಲಿ ಥಾಮಸ್ ಸಾಟಿ ಎಂಬ ಗಣಿತಜ್ಞರು ಆಯ್ಕೆಗಳನ್ನು ಎರಡೆರಡಾಗಿ ಹೋಲಿಸಿ 1ರಿಂದ 9ರವರೆಗೆ ಅಂಕ ಕೊಡುವ ಕ್ರಮವೊಂದನ್ನು ರೂಪಿಸಿದರು. ಆ ಕ್ರಮದಲ್ಲಿ ಹೊಸ ಆಯ್ಕೆಯೊಂದು ಸೇರಿದರೆ ಹಳೆಯ ಎರಡರ ಸರದಿಯೇ ಅದಲುಬದಲಾಗಬಹುದು ಎಂದು 1983ರಲ್ಲಿ ಬೆಲ್ಟನ್ ಮತ್ತು ಗಿಯರ್ ಎಂಬ ಸಂಶೋಧಕರು ತೋರಿಸಿದ ಮೇಲೆ ಪಂಡಿತರಲ್ಲಿ ದೊಡ್ಡ ಜಗಳವೇ ನಡೆಯಿತು. ನಮ್ಮ ದಲ್ಲಾಳಿ ಆ ಚರ್ಚೆಯನ್ನು ಓದಿರಲಿಲ್ಲ. ಓದಿದ್ದರೆ ದರ ಇನ್ನಷ್ಟು ಏರಿಸುತ್ತಿದ್ದನೇನೋ.

ಆ ವರ್ಷ ಕಾಕಾ ಎತ್ತನ್ನೇ ತರಲಿಲ್ಲ. ಪಕ್ಕದ ಹೊಲದವರ ಬಳಿಯೂ ಒಂಟಿ ಎತ್ತು ಇದ್ದುದರಿಂದ ಮುಂಗಾರಿಗೆ ಎರಡನ್ನೂ ಕೂಡಿಸಿ ಹೂಡಿದರು. ಅದರ ಸುಳಿಯನ್ನು ಯಾರೂ ನೋಡಲಿಲ್ಲ.