ಹಲಸಿನ ಮರದಡಿಯ ಹತ್ತು ಸಾವಿರ

ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಫೋನ್ ಮಾಡಬೇಕೆಂದರೆ ತೋಟದ ಹಿಂದಿನ ಧರೆ ಹತ್ತಿ, ಹಲಸಿನ ಮರಕ್ಕೆ ಬೆನ್ನು ಕೊಟ್ಟು, ಮುಖ ಪಶ್ಚಿಮಕ್ಕೆ ಮಾಡಿ ನಿಲ್ಲಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಕಾಲಿಗೆ ಇಂಬಳ ಹತ್ತಿದರೆ ಕೀಳಲು ಮೂರನೇ ಕೈಯಿಲ್ಲ. ಹಾಗೆ ನಿಂತೇ ಮೊನ್ನೆ ಓದಿದೆ: ಮಾರುಕಟ್ಟೆ ಯಾರ ಮುಷ್ಟಿಯಲ್ಲಿದೆ ಎಂದು ಅಳೆಯಲು ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕ ಅಂತ ಒಂದಿದೆಯಂತೆ.

ಲೆಕ್ಕ ಸುಲಭ. ಒಂದೊಂದು ಕಂಪನಿಗೂ ಶೇಕಡಾ ಎಷ್ಟು ಪಾಲೋ ಅದನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸುವುದು. ಸಾವಿರಾರು ಜನ ಚೂರುಚೂರು ಹಂಚಿಕೊಂಡರೆ ಮೊತ್ತ ಸೊನ್ನೆಯ ಹತ್ತಿರ. ಒಬ್ಬನೇ ನುಂಗಿದರೆ ನೂರು ನೂರ್ಲೆ 10,000. ಅಮೆರಿಕದವರು 2023ರಲ್ಲಿ 1,800ಕ್ಕೆ ಗೆರೆ ಎಳೆದು, ದಾಟಿದರೆ ಅಪಾಯ ಅಂದರು. (ಇದು ನನ್ನ ಕೂಸು ಅಂತ ಅರ್ಥಶಾಸ್ತ್ರಜ್ಞ ಹರ್ಷ್‌ಮನ್ 1964ರಲ್ಲಿ ಲೇಖನ ಬರೆದೇ ಹೇಳಿಕೊಳ್ಳಬೇಕಾಯಿತು. ಸೂಚ್ಯಂಕಕ್ಕೆ ಇಬ್ಬರು ಅಪ್ಪಂದಿರು. ನಮ್ಮೂರ ಟವರ್ ಕೆಟ್ಟರೆ ಕೇಳುವವರು ಒಬ್ಬರೂ ಇಲ್ಲ.)

ದೇಶದಲ್ಲಿ ಮೊಬೈಲಿಗೆ ಉಳಿದಿರುವುದೇ ಹೆಚ್ಚುಕಡಿಮೆ ನಾಲ್ಕು ಕಂಪನಿ. ಅಣ್ಣತಮ್ಮಂದಿರ ಹಾಗೆ ಕಾಲುಕಾಲು ಪಾಲು ಮಾಡಿಕೊಂಡರೂ 2,500. ಅದಿರಲಿ, ಅಳೆಯುವುದು ಎಲ್ಲಿ ನಿಂತು? ದೂರಸಂಪರ್ಕಕ್ಕೆ ದೇಶವನ್ನು 22 ವಲಯ ಮಾಡಿದ್ದಾರೆ, ಕರ್ನಾಟಕವೆಲ್ಲ ಒಂದು. ಹಾಗಾಗಿ ಬೆಂಗಳೂರಿನ ಎಂ.ಜಿ. ರಸ್ತೆಯೂ ನಮ್ಮ ಹಲಸಿನ ಮರವೂ ಒಂದೇ ಲೆಕ್ಕದೊಳಗೆ. ಕಾಗದದ ಮೇಲೆ ನಮಗೆ ನಾಲ್ಕು ಆಯ್ಕೆ, ಮರದ ಬುಡದಲ್ಲಿ ಒಂದೇ. 10,000ಕ್ಕೆ 10,000! ನಮ್ಮ ಶಾಲೆಯ ಯಾವ ಹುಡುಗನೂ ಇಷ್ಟು ಅಂಕ ತೆಗೆದಿಲ್ಲ.

ದೂರು ಕೊಟ್ಟೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, "ಸಮಾಧಾನ ಇಲ್ಲದಿದ್ರೆ ಬೇರೆ ಕಂಪನಿಗೆ ಪೋರ್ಟ್ ಆಗಬಹುದು ಸರ್, 1900ಕ್ಕೆ ಮೆಸೇಜ್ ಕಳಿಸಿ" ಎಂದಳು. ಆ ಮೆಸೇಜೂ ಇದೇ ಮರದಡಿಯಿಂದ, ಇದೇ ಟವರಿನ ಮೇಲೇ ಹೋಗಬೇಕು. ಗಂಡನ ಮನೆ ಬಿಟ್ಟು ಹೊರಟ ಸೊಸೆ ಅತ್ತೆಯ ಹತ್ತಿರವೇ ಬಸ್‌ ಚಾರ್ಜು ಕೇಳಿದ ಹಾಗೆ. ಬಿಟ್ಟು ಹೋಗುವುದಾದರೂ ಯಾರ ಮನೆಗೆ?

ಪುನರ್ವಸು ಮಳೆಗೆ ಕರೆಂಟ್ ಹೋಯಿತು. ಮೊದಲ ದಿನ ಟವರ್ ಬ್ಯಾಟರಿಯಲ್ಲಿ ಉಸಿರಾಡಿತು. ಮಾರನೇ ದಿನ ಡೀಸೆಲ್ ಜೀಪು ಬರಲಿಲ್ಲ, ಅದೂ ತೆಪ್ಪಗಾಯಿತು. ಜಗಲಿಯಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆ. ನಾಲ್ಕೂ ಕಂಪನಿಗೆ ಸೊನ್ನೆ, ಸೊನ್ನೆಯ ವರ್ಗ ಸೊನ್ನೆ, ಮೊತ್ತವೂ ಸೊನ್ನೆ. ಸೂಚ್ಯಂಕ ಇಳಿದಷ್ಟೂ ಪೈಪೋಟಿ ಜೋರು ತಾನೆ? ಅಲ್ಲಿಗೆ ಭೂಲೋಕದಲ್ಲೇ ನಮ್ಮೂರಷ್ಟು ಪೈಪೋಟಿಯ ಮಾರುಕಟ್ಟೆ ಇನ್ನೊಂದಿಲ್ಲ!

ಕವಳ ಹಾಕುತ್ತಿದ್ದ ರಿಟೈರ್ಡ್ ಗಣಿತದ ಮೇಷ್ಟ್ರು ತಕರಾರು ತೆಗೆದರು: "ಎಂತ ಲೆಕ್ಕ ಮಾರಾಯ ನಿಂದು? ಸೊನ್ನೆನ ಸೊನ್ನೆಯಿಂದ ಭಾಗಿಸಕ್ಕೆ ಬರಲ್ಲ. ಪಾಲು ಹ್ಯಾಗೆ ತೆಗೀತೀಯ?"

ಹಾಗಾದರೆ ಮಾರುಕಟ್ಟೆಯ ಪೈಪೋಟಿ ಕಾಯುವ ದೆಹಲಿಯ ಸ್ಪರ್ಧಾ ಆಯೋಗವನ್ನೇ ಕೇಳಿಬಿಡೋಣ ಎಂದೆ. ಪತ್ರ ಬರೆದಿಟ್ಟು ನಾಲ್ಕು ದಿನವಾಯಿತು. ಅಂಚೆಯಣ್ಣ ಬರಬೇಕಾದ ಕಾಲುಸಂಕದ ಮೇಲೆ ಹಳ್ಳ ಹರಿಯುತ್ತಿದೆ.